ನೆಲದ ಮೇಲಿನ ಪ್ಯಾರಾಸೇಲಿಂಗ್: ಅಪಾಯಗಳು ಮತ್ತು ಸುರಕ್ಷತಾ ಕ್ರಮಗಳು

ಪ್ಯಾರಾಸೇಲಿಂಗ್ ಎಂದೊಡನೆ ಕಡಲತೀರ ಹಾಗೂ ದೋಣಿ ನೆನಪಾಗುವುದು ಸಹಜ. ಆದರೆ ಒಳನಾಡಿನ ಸಾಹಸ ಶಿಬಿರಗಳಲ್ಲಿಯೂ ಎನ್.ಸಿ.ಸಿ. ತರಬೇತಿಯಲ್ಲಿಯೂ ಈ ಕ್ರೀಡೆಯನ್ನು ಬಯಲಿನಲ್ಲಿ, ಜೀಪಿಗೆ ಕಟ್ಟಿದ ಹಗ್ಗದ ನೆರವಿನಿಂದ ನಡೆಸಲಾಗುತ್ತದೆ. ಭಾಗವಹಿಸಲು ಅರ್ಜಿ ಸಲ್ಲಿಸುವವರು ಈ ಕೆಳಕಂಡ ಸಂಗತಿಗಳನ್ನು ಅರಿತಿರುವುದು ಅವಶ್ಯಕ.

ಪ್ಯಾರಾಗ್ಲೈಡಿಂಗ್‌ನಲ್ಲಿ ಹಾರುವವರು ರೆಕ್ಕೆಯನ್ನು ತಾವೇ ತಿರುಗಿಸಬಲ್ಲರು. ಪ್ಯಾರಾಸೇಲಿಂಗ್‌ನಲ್ಲಿ ಆ ಹತೋಟಿ ಬಹುಮಟ್ಟಿಗೆ ಇಲ್ಲ. ಎತ್ತರ ಮತ್ತು ದಿಕ್ಕು ಚಾಲಕನ ಹಾಗೂ ಗಾಳಿಯ ವಶದಲ್ಲಿರುತ್ತವೆ. ಹೀಗಾಗಿ ಹಾರುವವರ ಸುರಕ್ಷತೆಯು ಅವರ ಧೈರ್ಯಕ್ಕಿಂತ ಹೆಚ್ಚಾಗಿ ನೆಲದ ಮೇಲಿರುವವರ ತೀರ್ಮಾನವನ್ನು ಅವಲಂಬಿಸಿದೆ.

ಅಪಾಯಗಳಲ್ಲಿ ಗಾಳಿಯೇ ಪ್ರಧಾನವಾದುದು. ಪ್ಯಾರಾಚೂಟಿಗೆ ಎದುರಾಗುವ ಗಾಳಿಯ ವೇಗ (ವಾಹನದ ವೇಗವೂ ಇದರಲ್ಲಿ ಸೇರುತ್ತದೆ) ಎರಡರಷ್ಟಾದರೆ ಅದರ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಬಿರುಗಾಳಿ ಎದ್ದಾಗ ಚಾಲಕನು ವೇಗವನ್ನು ತಗ್ಗಿಸಿ ಹಗ್ಗದ ಬಿಗಿತವನ್ನು ಸಡಿಲಿಸಬೇಕು. ವೇಗ ಹೆಚ್ಚಿಸುವುದು ಮಾರಕವಾಗಬಹುದು. ಮಂದವಾಗಿ, ಏಕರೀತಿಯಲ್ಲಿ ಬೀಸುವ ಗಾಳಿ ಅನುಕೂಲಕರ. ನಡುಹಗಲಿನಲ್ಲಿ ಕಾದ ನೆಲದಿಂದ ಮೇಲೇಳುವ ಗಾಳಿಯೂ, ಮರ ಹಾಗೂ ಕಟ್ಟಡಗಳ ಮರೆಯಲ್ಲಿ ಏಳುವ ಸುಳಿಗಾಳಿಯೂ ಪ್ಯಾರಾಚೂಟನ್ನು ಹಠಾತ್ತನೆ ಪಕ್ಕಕ್ಕೆ ಸೆಳೆಯಬಲ್ಲವು. ಆಷಾಢದ ಗಾಳಿ ಜೋರಾಗಿರುವ ದಿನಗಳಲ್ಲಿ ಬಯಲುಸೀಮೆಯ ಮೈದಾನ ಎಷ್ಟೇ ವಿಶಾಲವಾಗಿದ್ದರೂ ಹಾರಾಟಕ್ಕೆ ಯೋಗ್ಯವಲ್ಲ.

ಇಳಿಯುವ ಹಂತದಲ್ಲಿ ನೀರಿನ ಆಸರೆ ಇಲ್ಲಿ ದೊರೆಯದು. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನೆಲ ತಲುಪುವುದೆಂದರೆ ಸುಮಾರು 1.25 ಮೀಟರ್ ಎತ್ತರದಿಂದ ಧುಮುಕಿದಂತೆ. ಗಾಳಿಯ ತಳ್ಳುವಿಕೆಯೂ ಸೇರಿದಾಗ ಕಣಕಾಲು ಉಳುಕುವ, ಮೂಳೆ ಮುರಿಯುವ ಸಂಭವವಿದೆ. ಪಾದಗಳನ್ನು ಜೋಡಿಸಿ, ಮೊಣಕಾಲುಗಳನ್ನು ತುಸು ಬಾಗಿಸಿ ಇಳಿಯುವುದನ್ನು ಮೊದಲೇ ನೆಲದ ಮೇಲೆ ಅಭ್ಯಾಸ ಮಾಡಿಸತಕ್ಕದ್ದು. ಗಾಳಿ ಬೀಸುವ ದಿಕ್ಕಿನಲ್ಲಿ ವಿದ್ಯುತ್ ತಂತಿ, ಬೇಲಿ, ರಸ್ತೆ ಇರಕೂಡದು. ಈ ಪೈಕಿ ವಿದ್ಯುತ್ ತಂತಿ ಅತ್ಯಂತ ಭೀಕರವಾದುದು. ದೂರದಿಂದ ಅದು ಕಣ್ಣಿಗೂ ಬೀಳುವುದಿಲ್ಲ.

ಹಾರುವ ಮುನ್ನ ಎರಡೂ ತೊಡೆಪಟ್ಟಿಗಳು ಮತ್ತು ಎದೆಪಟ್ಟಿ ಬಿಗಿಯಾಗಿವೆಯೇ ಎಂಬುದನ್ನು ಅಭ್ಯರ್ಥಿಯೇ ಮುಟ್ಟಿ ನೋಡುವುದು ಒಳಿತು. ಹೆಲ್ಮೆಟ್ ಕಡ್ಡಾಯವೆಂದೇ ಭಾವಿಸತಕ್ಕದ್ದು. ಸವೆದ ಹಗ್ಗ, ಹರಿದು ಹೊಲಿದ ಬಟ್ಟೆ ಕಂಡುಬಂದಲ್ಲಿ ವಿಚಾರಿಸಲು ಸಂಕೋಚ ಪಡಬೇಕಾಗಿಲ್ಲ. ಬೆನ್ನುಮೂಳೆ ಅಥವಾ ಹೃದಯದ ತೊಂದರೆ, ಮೂರ್ಛೆರೋಗ, ಗರ್ಭಾವಸ್ಥೆ ಇದ್ದಲ್ಲಿ ಮುಂಚಿತವಾಗಿ ತಿಳಿಸಬೇಕು.

ಸಹಿ ಮಾಡಿದ ಒಪ್ಪಿಗೆ ಪತ್ರವು ಅಪಾಯವನ್ನು ಅರಿತಿರುವುದಕ್ಕೆ ಸಾಕ್ಷಿಯೇ ಹೊರತು ಹಾರಲೇಬೇಕೆಂಬ ಕಟ್ಟುಪಾಡಲ್ಲ. ಸರದಿ ಬಂದ ಮೇಲೂ ಅಭ್ಯರ್ಥಿ ಹಿಂದೆ ಸರಿಯಬಹುದು. ಹಲವು ವಿಮಾ ಪಾಲಿಸಿಗಳು ಸಾಹಸ ಕ್ರೀಡೆಯ ಗಾಯಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಶಿಬಿರದ ವಿಮೆಯ ವಿವರಗಳನ್ನು ಅರ್ಜಿ ಸಲ್ಲಿಸುವಾಗಲೇ ಕೇಳಿ ಪಡೆಯಲು ಕೋರಲಾಗಿದೆ.