ಗಾಂಜಾ ಎಲ್ಲಿಂದಲೋ ಬಂತು, ಕೇಸು ಎಲ್ಲಿ ನಡೆಯುತ್ತದೆ?

ಪ್ರಶ್ನೆ: ಒಡಿಶಾದಲ್ಲಿ ಲಾರಿಗೆ ತುಂಬಿದ ಗಾಂಜಾ ಬೆಂಗಳೂರಿನಲ್ಲಿ ಸಿಕ್ಕಿಬಿದ್ದರೆ ವಿಚಾರಣೆ ಯಾವ ರಾಜ್ಯದಲ್ಲಿ? ಶಿಕ್ಷೆ ಹೇಗೆ ನಿರ್ಧಾರವಾಗುತ್ತದೆ?

ಸಾಮಾನ್ಯವಾಗಿ ಸಿಕ್ಕಿಬಿದ್ದ ಕಡೆಯಲ್ಲೇ, ಅಂದರೆ ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ. ಮಾದಕವಸ್ತುಗಳ 1985ರ ಎನ್‌ಡಿಪಿಎಸ್ ಕಾಯ್ದೆ ಇಡೀ ದೇಶಕ್ಕೆ ಒಂದೇ. ಹಾಗಾಗಿ ಗಡಿ ದಾಟಿದರೂ ಕಾನೂನು ಬದಲಾಗದು.

ಶಿಕ್ಷೆ ನಿಂತಿರುವುದು ತೂಕದ ಮೇಲೆ. ಕರೆಂಟ್ ಬಿಲ್ಲಿನ ಸ್ಲ್ಯಾಬ್ ಇದ್ದಂತೆ: ಮಿತಿ ದಾಟಿದರೆ ದರವೇ ಬೇರೆ. ಗಾಂಜಾ 1 ಕೆ.ಜಿ.ವರೆಗೆ ಇದ್ದರೆ ಹೆಚ್ಚೆಂದರೆ 1 ವರ್ಷ ಸಜೆ. 20 ಕೆ.ಜಿ. ಮೀರಿದರೆ ಅದು ವಾಣಿಜ್ಯ ಪ್ರಮಾಣ. ಕನಿಷ್ಠ 10, ಗರಿಷ್ಠ 20 ವರ್ಷ ಕಠಿಣ ಸಜೆ, ಮೇಲೆ ಕನಿಷ್ಠ 1 ಲಕ್ಷ ರೂಪಾಯಿ ದಂಡ. ನಡುವಿನದಕ್ಕೆ 10 ವರ್ಷದವರೆಗೆ. ಹೆರಾಯಿನ್‌ಗಾದರೆ 250 ಗ್ರಾಂ ಮೀರಿದರೇ ವಾಣಿಜ್ಯ ಪ್ರಮಾಣ. ಈ ಹಂತದಲ್ಲಿ ಜಾಮೀನೂ ಬಲು ಕಷ್ಟ: ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ನ್ಯಾಯಾಧೀಶರಿಗೆ ಸಕಾರಣ ಬೇಕು.

ಶಿಕ್ಷೆ ಇಷ್ಟು ಕಠಿಣವಾದ್ದರಿಂದಲೇ ತನಿಖೆಯ ಒಂದೊಂದು ಹೆಜ್ಜೆಗೂ ಕಟ್ಟುಪಾಡಿದೆ, ಇರಲೇಬೇಕು. ವಶಪಡಿಸಿಕೊಂಡ ಮಾಲಿನ ಪಟ್ಟಿಯನ್ನು ಮ್ಯಾಜಿಸ್ಟ್ರೇಟರು ದೃಢೀಕರಿಸಬೇಕು. ಮಾದರಿಯನ್ನು ಅವರೆದುರೇ ತೆಗೆದು, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಬೇಕು. ಮೊಹರು ಒಡೆದಿದ್ದರೆ, ತೂಕ ತಾಳೆಯಾಗದಿದ್ದರೆ ಕೇಸೇ ಬಿದ್ದುಹೋಗಬಹುದು.

ನನಗೆ ಕಳವಳ ತರುವುದು ಇನ್ನೊಂದು ಸಂಗತಿ. ಸಿಕ್ಕಿಬೀಳುವವನು ಹೆಚ್ಚಾಗಿ ಲಾರಿ ಚಾಲಕ. ದುಡ್ಡು ಹಾಕಿದವನು ದೂರದಲ್ಲಿರುತ್ತಾನೆ. ಆದರೆ ಒಳಸಂಚು ಸಾಬೀತಾದರೆ ಅವನಿಗೂ ಅದೇ ಶಿಕ್ಷೆ. ಅದಕ್ಕೆ ಫೋನ್ ಕರೆ, ಬ್ಯಾಂಕ್ ಖಾತೆಗಳ ಜಾಡು ಹಿಡಿದು ಪೊಲೀಸರು ಅವನಿರುವ ರಾಜ್ಯಕ್ಕೇ ಹೋಗಬೇಕಾಗುತ್ತದೆ.