ಕೆಲಸ ಹೊರಗೆ ಕೊಡಿ, ಕೀಲಿ ನಿಮ್ಮಲ್ಲಿರಲಿ

ಸಿಂಧನೂರಿನ ಗಿರಣಿಯಿಂದ ಲೇಬಲ್ ಹಚ್ಚಿದ 25 ಕೆ.ಜಿ. ಅಕ್ಕಿ ಚೀಲಗಳ ಲಾರಿ ಹೊರಡಬೇಕಾದರೆ ಮೊದಲು ಇ-ವೇ ಬಿಲ್ ಆಗಬೇಕು. ಗುರುಗುಂಟಾದಂಥ ಊರಿನ ಗೊಬ್ಬರದಂಗಡಿಯಲ್ಲೂ ರೈತ ಪಿಒಎಸ್ ಯಂತ್ರದ ಮೇಲೆ ಬೆರಳಿಟ್ಟರೆ ಯೂರಿಯಾದ ಬಿಲ್ಲು ಬರುತ್ತದೆ. ಲಿಂಗಸುಗೂರು, ಮಸ್ಕಿಯ ವ್ಯಾಪಾರಿಗಳ ಲೆಕ್ಕ ಕಿರ್ದಿ ಪುಸ್ತಕ ಬಿಟ್ಟು ಟ್ಯಾಲಿ ತಂತ್ರಾಂಶಕ್ಕೆ ಬಂದಿದೆ. ಕಂಪ್ಯೂಟರ್ ನಿಂತರೆ ವ್ಯಾಪಾರವೇ ನಿಲ್ಲುವ ಕಾಲವಿದು.

ಈ ಕಂಪ್ಯೂಟರ್‌ಗಳ ಉಸ್ತುವಾರಿಗೆ ಎರಡು ದಾರಿಗಳಿವೆ. ಒಂದು ಪೂರ್ತಿ ಹೊರಗುತ್ತಿಗೆ: ರಿಪೇರಿಯಿಂದ ಹಿಡಿದು ಸುರಕ್ಷತೆಯವರೆಗೆ ಎಲ್ಲವೂ ಹೊರಗಿನ ಕಂಪನಿಯ ಪಾಲು. ಇನ್ನೊಂದು ಹಂಚಿಕೆ: ನಿತ್ಯದ ಕೆಲಸಕ್ಕೆ ನಮ್ಮವನೇ ಒಬ್ಬ, ಕಸುಬು ಬೇಡುವ ಕೆಲಸಕ್ಕೆ ಹೊರಗಿನವರು. ಯಾವುದನ್ನು ಆರಿಸಬೇಕೆಂಬ ಚರ್ಚೆಯಲ್ಲಿ ಕೆಲವು ತಪ್ಪು ನಂಬಿಕೆಗಳು ಬೇರೂರಿವೆ.

ತಪ್ಪು ಕಲ್ಪನೆ 1: ಪೂರ್ತಿ ಹೊರಗೆ ಕೊಟ್ಟರೆ ಹೊಣೆಯೂ ಅವರದೇ.

ಸತ್ಯ: ಕೆಲಸ ಅವರದು, ಹೊಣೆ ನಿಮ್ಮದು. ಗಿರಾಕಿಗಳ ಹೆಸರು, ಫೋನ್ ನಂಬರ್, ಆಧಾರ್ ವಿವರ ನಿಮ್ಮ ವ್ಯಾಪಾರಕ್ಕಾಗಿ ಸಂಗ್ರಹವಾಗಿದ್ದರೆ, ಅದನ್ನು ನಿಮ್ಮ ಪರವಾಗಿ ಬೇರೆಯವರು ನಿರ್ವಹಿಸಿದರೂ ಉತ್ತರ ಕೊಡಬೇಕಾದವರು ನೀವೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು ಇದೇ. ದತ್ತಾಂಶ ರಕ್ಷಣೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೂ ದಂಡಕ್ಕೆ ಅದರಲ್ಲಿ ಅವಕಾಶವಿದೆ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲೇ ಆದೇಶಿಸಿದೆ. ಹೊರಗಿನ ಕಂಪನಿ ನಿಮಗೆ ಎಷ್ಟು ಹೊತ್ತಿನೊಳಗೆ ಸುದ್ದಿ ಮುಟ್ಟಿಸಬೇಕು ಎಂಬುದು ಒಪ್ಪಂದದಲ್ಲಿ ಬರೆದಿರಬೇಕು.

ತಪ್ಪು ಕಲ್ಪನೆ 2: ದೊಡ್ಡ ಕಂಪನಿಗೆ ಒಪ್ಪಿಸಿದರೆ ಭಯವಿಲ್ಲ.

ಸತ್ಯ: 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಟಿಸಿಎಸ್ ಮತ್ತು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಸೇರಿ ಕಟ್ಟಿದ ಕಂಪನಿ ಅದು. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುತ್ತದೆ. ಸೋಂಕು ಹರಡದಿರಲಿ ಎಂದು ರಾಷ್ಟ್ರೀಯ ಪಾವತಿ ನಿಗಮ ಅದರ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದಾಗ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗಿರಾಕಿಗಳ ಹಣ ಪಾವತಿ ಒಮ್ಮೆಗೇ ನಿಂತಿತು. ಒಂದೇ ಕಾಲುವೆಯ ನೀರು ನಂಬಿದ ಸಾವಿರ ಎಕರೆಗೆ ತೂಬು ಮುಚ್ಚಿದರೆ ಏನಾಗುತ್ತದೆಂದು ತುಂಗಭದ್ರಾ ಎಡದಂಡೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರು ಎಷ್ಟೇ ದೊಡ್ಡವರಿರಲಿ, ನಿಮ್ಮ ಲೆಕ್ಕದ ಒಂದು ಪ್ರತಿ ಅವರ ಜಾಲದಿಂದ ಹೊರಗೆ, ನಿಮ್ಮ ಕೈಯಲ್ಲಿ ಇರಲೇಬೇಕು.

ತಪ್ಪು ಕಲ್ಪನೆ 3: ಈಗ ಎಲ್ಲವನ್ನೂ ದೂರದಿಂದಲೇ ಸರಿ ಮಾಡುತ್ತಾರೆ.

ಸತ್ಯ: ಬಹುಪಾಲು ದೋಷ ಹಾಗೆ ಸರಿಯಾಗುತ್ತದೆ, ಕಂಪ್ಯೂಟರ್ ಚಾಲೂ ಆದರೆ ಮಾತ್ರ. 2024ರ ಜುಲೈ 19ರಂದು ಸೈಬರ್ ಸುರಕ್ಷತೆಯ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟ್ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡಿಸಿತು. ಅವುಗಳಲ್ಲಿ ಬಹಳಷ್ಟನ್ನು ಒಬ್ಬರು ಎದುರಿಗೆ ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ಒಂದೊಂದಾಗಿ ಸರಿಪಡಿಸಬೇಕಾಯಿತು. ನಮ್ಮಲ್ಲಿ ಕಾರಣ ಅಷ್ಟು ದೊಡ್ಡದೇ ಇರಬೇಕಿಲ್ಲ. ಕರೆಂಟ್ ಹೋಗಿ ಬಂದಾಗ ಯುಪಿಎಸ್ ಕೈಕೊಟ್ಟರೆ ಸಾಕು, ವೇಬ್ರಿಡ್ಜ್‌ನ ಕೇಬಲ್ ಸಡಿಲಾದರೆ ಸಾಕು. ಬೆಂಗಳೂರಿನ ಇಂಜಿನಿಯರ್ ಫೋನಿನಲ್ಲಿ ಎಷ್ಟು ಹೇಳಿದರೂ ಕೇಬಲ್ ಚುಚ್ಚುವ ಕೈ ಇಲ್ಲೇ ಬೇಕು.

ತಪ್ಪು ಕಲ್ಪನೆ 4: ಹಂಚಿಕೆ ಎಂದರೆ ಎರಡು ಖರ್ಚು, ಅದು ದೊಡ್ಡವರಿಗೆ.

ಸತ್ಯ: ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನೇ ನೋಡಿ. ಅವುಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು: 63,000 ಸಂಘಗಳು, 2,516 ಕೋಟಿ ರೂಪಾಯಿ. ತಂತ್ರಾಂಶ ಎಲ್ಲರಿಗೂ ಒಂದೇ, ಅದರ ತಾಂತ್ರಿಕ ಭಾರ ಹೊರಗಿನ ತಜ್ಞರದು. ರೈತರ ಸಾಲದ ಲೆಕ್ಕ ಬರೆಯುವವರು ಸಂಘದ ಕಾರ್ಯದರ್ಶಿ, ಸಿಬ್ಬಂದಿಯೇ. ಸಣ್ಣ ಸಂಘದಲ್ಲೂ ನಡೆಯುವ ಹಂಚಿಕೆ ಇದೇ. ನಿಮ್ಮಲ್ಲೂ ಒಳಗಿನ ಆ ಒಬ್ಬ ಇಂಜಿನಿಯರ್ ಆಗಿರಬೇಕಿಲ್ಲ. ಲೆಕ್ಕ ಬರೆಯುವ ಗುಮಾಸ್ತನಿಗೇ ಮೂರು ಕೆಲಸ ಕಲಿಸಿ: ದಿನಾ ಬ್ಯಾಕಪ್ ತೆಗೆಯುವುದು, ದೋಷವನ್ನು ಬರೆದಿಟ್ಟು ಸರಿಯಾಗಿ ವಿವರಿಸುವುದು, ಕೆಲಸ ಬಿಟ್ಟವರ ಲಾಗಿನ್ ಅಂದೇ ಮುಚ್ಚಿಸುವುದು.

ತಪ್ಪು ಕಲ್ಪನೆ 5: ಪಾಸ್‌ವರ್ಡ್, ಓಟಿಪಿ ಎಲ್ಲ ಅವರ ಬಳಿಯೇ ಇದ್ದರೆ ಅನುಕೂಲ.

ಸತ್ಯ: ಎಲ್ಲಕ್ಕಿಂತ ದುಬಾರಿ ತಪ್ಪು ಇದೇ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ಜಾಲತಾಣಗಳಿಗೆ ಎಲ್ಲ ತೆರಿಗೆದಾರರೂ ಪಾಸ್‌ವರ್ಡ್ ಜೊತೆ ಓಟಿಪಿಯನ್ನೂ ಕೊಡಬೇಕು. ನೋಂದಾಯಿಸಿದ ಮೊಬೈಲ್ ನಂಬರ್ ಹೊರಗಿನವರದಾಗಿದ್ದರೆ, ಅವರೊಂದಿಗೆ ಮನಸ್ತಾಪ ಬಂದ ದಿನ ನಿಮ್ಮ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ಗಲ್ಲಾಪೆಟ್ಟಿಗೆಯ ಕೀಲಿಯನ್ನು ಯಾರೂ ಪರರ ಕೈಗೆ ಕೊಟ್ಟು ಮನೆಗೆ ಹೋಗುವುದಿಲ್ಲ. ಇದೂ ಅಂಥದೇ ಕೀಲಿ.

ಹಾಗಾದರೆ ಯಾವುದನ್ನು ಆರಿಸಬೇಕು? ಒಂದೆರಡು ಕಂಪ್ಯೂಟರ್ ಇದ್ದು, ನೋಡಿಕೊಳ್ಳಲು ಜನರಿಲ್ಲದ ಅಂಗಡಿಗೆ ಪೂರ್ತಿ ಹೊರಗುತ್ತಿಗೆ ತಪ್ಪಲ್ಲ. ತಾಲ್ಲೂಕು ಕೇಂದ್ರದಿಂದಲಾದರೂ ಅದೇ ದಿನ ಬರಬಲ್ಲವರು ಸಿಗಬೇಕು, ಅಷ್ಟೆ. ಹತ್ತಾರು ಯಂತ್ರ, ವೇಬ್ರಿಡ್ಜ್, ನಾಲ್ಕಾರು ಗುಮಾಸ್ತರಿರುವ ಗಿರಣಿಗೆ, ಸಂಘಕ್ಕೆ ಹಂಚಿಕೆಯೇ ಸರಿ.

ದಾರಿ ಯಾವುದೇ ಇರಲಿ, ಇವತ್ತು ಸಂಜೆ ಅಂಗಡಿ ಮುಚ್ಚುವ ಮೊದಲು ಮೂರು ವಿಷಯ ನೋಡಿಕೊಳ್ಳಿ: ಮುಖ್ಯ ಪಾಸ್‌ವರ್ಡ್ ಯಾರಲ್ಲಿದೆ, ಓಟಿಪಿ ಯಾರ ಫೋನಿಗೆ ಬರುತ್ತದೆ, ಕೊನೆಯ ಬ್ಯಾಕಪ್ ಯಾವ ತಾರೀಖಿನದು. ಮೂರಕ್ಕೂ ನಿಮ್ಮಲ್ಲೇ ಉತ್ತರ ಇಲ್ಲದಿದ್ದರೆ, ಹೊಸ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ.