ಮನೆಯೊಳಗೆ ಯಾವ ಗಿಡ: ಮನಿಪ್ಲಾಂಟೋ, ಸ್ನೇಕ್‌ ಪ್ಲಾಂಟೋ?

"ಡಾಕ್ಟರೇ, ಮನೆಯೊಳಗೆ ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದಂತೆ, ಯಾವುದನ್ನು ಇಡೋಣ?" ಎಂದು ಕೇಳುವವರು ಹೆಚ್ಚಾಗಿದ್ದಾರೆ. ಈ ನಂಬಿಕೆಗೆ ಮೂಲ 1989ರಲ್ಲಿ ಅಮೆರಿಕದ ನಾಸಾ ಪ್ರಕಟಿಸಿದ ಒಂದು ಪ್ರಯೋಗ. ಅದು ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮರುಪರಿಶೀಲಿಸಿದ ವಿಜ್ಞಾನಿಗಳು, ಸಾಮಾನ್ಯ ಕಟ್ಟಡದ ಗಾಳಿಯಾಟಕ್ಕೆ ಸರಿಸಮವಾಗಲು ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡಗಳು ಬೇಕೆಂದು ಲೆಕ್ಕ ಹಾಕಿದರು. ಗಾಳಿಗಾಗಿ ಕಿಟಕಿ ತೆರೆಯಿರಿ. ಗಿಡವನ್ನು ಕಣ್ಣಿಗೆ ತಂಪೆಂದು ಬೆಳೆಸಿ.

ಆಯ್ಕೆ ಮಾಡುವಾಗ ನೋಡಬೇಕಾದದ್ದು ನೀವು ಎಷ್ಟು ಆರೈಕೆ ಮಾಡಬಲ್ಲಿರಿ ಎಂಬುದನ್ನು.

ಮನಿಪ್ಲಾಂಟ್ ನೆರಳಿನಲ್ಲೂ ಬೆಳೆಯುತ್ತದೆ. ಆದರೆ ನಮ್ಮಲ್ಲಿ ಹಲವರು ಅದನ್ನು ನೀರು ತುಂಬಿದ ಬಾಟಲಿಯಲ್ಲಿಡುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇಂಥ ನಿಂತ ತಿಳಿನೀರೇ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಬರೀ ನೀರು ಚೆಲ್ಲಿದರೆ ಸಾಲದು. ಪಾತ್ರೆಯ ಒಳಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದುದರಿಂದ ವಾರಕ್ಕೊಮ್ಮೆ ಬಾಟಲಿಯನ್ನು ಬ್ರಷ್‌ನಿಂದ ಉಜ್ಜಿ ತೊಳೆದು ಹೊಸ ನೀರು ಹಾಕಬೇಕು. ಇದು ಆಗದವರು ಗಿಡವನ್ನು ಮಣ್ಣಿನ ಕುಂಡಕ್ಕೆ ಬದಲಿಸಿ, ಮೇಲ್ಮಣ್ಣು ಒಣಗಿದಾಗ ನೀರು ಹಾಕಲಿ.

ಸ್ನೇಕ್‌ ಪ್ಲಾಂಟ್ ಪಶ್ಚಿಮ ಆಫ್ರಿಕಾ ಮೂಲದ್ದು. ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಎರಡು ಮೂರು ವಾರಕ್ಕೊಮ್ಮೆ, ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಹಾಕಿದರೆ ಸಾಕು. ಮಳೆಗಾಲದಲ್ಲಿ ಇನ್ನೂ ಕಡಿಮೆ. ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ. ದಂಪತಿಗಳಿಬ್ಬರೂ ಕೆಲಸಕ್ಕೆ ಹೋಗುವ ಮನೆಗೆ, ಆಗಾಗ ಊರಿಗೆ ಹೋಗುವವರಿಗೆ ಇದೇ ಅನುಕೂಲ. ಯಾವ ಗಿಡವಾದರೂ ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು.

ಅಂಬೆಗಾಲಿಡುವ ಮಗು ಇದ್ದ ಮನೆಯಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಮನಿಪ್ಲಾಂಟ್ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಅಗಿದರೆ ಬಾಯಿ ಉರಿ, ಜೊಲ್ಲು, ತುಟಿ ನಾಲಿಗೆಯ ಊತ ಬರಬಹುದು. ಸ್ನೇಕ್‌ ಪ್ಲಾಂಟ್‌ನಲ್ಲಿರುವ ಸಪೋನಿನ್ ವಾಂತಿ, ಭೇದಿ ತರಬಹುದು. ಮಗು ಎಲೆ ಅಗಿದಿದ್ದರೆ ಬಾಯಲ್ಲಿರುವ ಚೂರನ್ನು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ತಣ್ಣೀರು ಅಥವಾ ತಣ್ಣನೆಯ ಹಾಲನ್ನು ಗುಟುಕು ಗುಟುಕಾಗಿ ಕುಡಿಸಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಊತ ಹೆಚ್ಚಾದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಒಟ್ಟಿನಲ್ಲಿ, ವಾರಕ್ಕೊಮ್ಮೆ ಕೈಯಾಡಿಸುವ ಪುರುಸೊತ್ತು ಇದ್ದವರು ಮನಿಪ್ಲಾಂಟನ್ನು ಮಗುವಿನ ಕೈಗೆಟುಕದ ಎತ್ತರದಲ್ಲಿ ಇಡಲಿ. ಪುರುಸೊತ್ತಿಲ್ಲದವರಿಗೆ ಸ್ನೇಕ್‌ ಪ್ಲಾಂಟೇ ಸರಿ. ಮಗು ನಡೆದಾಡುವ ವಯಸ್ಸಿನದಾಗಿದ್ದು ಎತ್ತರದ ಜಾಗವೂ ಇಲ್ಲವೆಂದರೆ, ಒಂದೆರಡು ವರ್ಷ ಕಾದು ಗಿಡ ತಂದರೆ ನಷ್ಟವೇನಿಲ್ಲ.